ನಿಧಾನದ ಕಾಲು

"ಗುರುಗಳೇ, ಓಡಬಲ್ಲ ಬೆರಳು ಏಕೆ ನಡೆಯಬೇಕು?"

ಕೊಳಲು ಕಲಿಯುತ್ತಿದ್ದ ಶಿಷ್ಯ ಹೀಗೆ ಕೇಳಿದ. ಹಿಂದಿನ ದಿನ ಅವನು ಹುಡುಗಿಯರ ಕೋಲಾಟಕ್ಕೆ ನುಡಿಸಿದ್ದ. ಅವನ ಬೆರಳು ಓಡಿದ ಹಾಗೆಲ್ಲ ಕೋಲುಗಳು ಒಂದನ್ನೊಂದು ತಪ್ಪಿಸಿಕೊಂಡು ಗಾಳಿಗೆ ಬಡಿದವು. ಹುಡುಗಿಯರು ನಾಚಿ ನಿಂತರು. ಚಪ್ಪಾಳೆ ಪೂರ್ತಿ ಅವನಿಗೇ ಬಿತ್ತು. ಗುರುಗಳು ಮಾತ್ರ ಕೈ ಕಟ್ಟಿಕೊಂಡು ಕೂತಿದ್ದರು. ಅದಕ್ಕೇ ಈ ಪ್ರಶ್ನೆ.

"ಮೊದಲು ನಿಯಮ ಕೇಳು. ಕತೆ ಆಮೇಲೆ," ಎಂದರು ಗುರುಗಳು. "ಕುಣಿತಕ್ಕೆ ನುಡಿಸುವವನು ನೆಲದ ಮೇಲಿರುವ ಅತಿ ನಿಧಾನದ ಕಾಲನ್ನು ಹಿಂದೆ ಬಿಟ್ಟು ಹೋಗಬಾರದು. ಆ ಕಾಲು ಯಾರದೇ ಆಗಿರಲಿ, ಮೇಳಕ್ಕೆ ಅದೇ ದೊರೆ. ಒಂದು ಊರಿನಲ್ಲಿ ಈ ನಿಯಮವನ್ನು ತಿಳಿಯದವರು ಇರಲಿಲ್ಲ. ಮುರಿಯದವರೂ ಇರಲಿಲ್ಲ."

ಆಮೇಲೆ ಅವರು ಈ ಕತೆ ಹೇಳಿದರು.

ಪಶ್ಚಿಮದ ಕಡಲಿನಲ್ಲಿ ಐರ್ಲೆಂಡ್ ಎಂಬ ದ್ವೀಪವಿದೆ. ಅದರ ಅಂಚಿನಲ್ಲಿ ಒಂದು ಊರು. ಬೇಸಿಗೆಯಲ್ಲಿ ಅಲ್ಲಿ ಸಂಜೆ ಬೇಗ ಮುಗಿಯುವುದಿಲ್ಲ. ಸೂರ್ಯ ಮುಳುಗಿದ ಮೇಲೂ ಬೆಳಕು, ಹೊರಟು ನಿಂತು ಮಾತು ಮುಗಿಯದ ನೆಂಟನ ಹಾಗೆ, ಬಾಗಿಲಲ್ಲೇ ಉಳಿದಿರುತ್ತದೆ. ಆ ಬೆಳಕಿನಲ್ಲಿ ಊರಿನವರು ಕುಣಿಯುತ್ತಿದ್ದರು.

ಕುಣಿತಕ್ಕೆ ಎರಡು ವಾದ್ಯ. ಒಂದು ತಗಡಿನ ಪುಟ್ಟ ಕೊಳಲು. ಇನ್ನೊಂದು ಚೀಲದ ಕೊಳಲು. ಚರ್ಮದ ಚೀಲವನ್ನು ಒಂದು ಕಂಕುಳಲ್ಲಿ ಅದುಮಿ ಹಿಡಿಯಬೇಕು. ಇನ್ನೊಂದು ಮೊಣಕೈಗೆ ಕಟ್ಟಿದ ಸಣ್ಣ ತಿದಿ ಆ ಚೀಲಕ್ಕೆ ಗಾಳಿ ತುಂಬುತ್ತದೆ. ತೊಡೆಯ ಮೇಲೆ ಅಡ್ಡ ಮಲಗಿದ ಕೊಳವೆಗಳು ಶ್ರುತಿ ಹಿಡಿಯುತ್ತವೆ. ಬೆರಳುಗಳು ಮಟ್ಟು ನುಡಿಸುತ್ತವೆ.

"ಊದುವುದು ಯಾವಾಗ?" ಎಂದ ಶಿಷ್ಯ.

"ಊದುವುದಿಲ್ಲ. ಬಾಯಿ ಖಾಲಿ. ನುಡಿಸುತ್ತ ಮಾತಾಡಬಹುದು. ಆದರೆ ನುಡಿಸುವವನಿಗೆ ಆಗ ಮಾತಾಡುವ ಮನಸ್ಸಿರಬೇಕು. ಮುಂದೆ ಕೇಳು."

ಆ ಊರಿನಲ್ಲಿ ಒಬ್ಬ ಹಿರಿಯ ವಾದಕನಿದ್ದ. ಅವನ ಚೀಲದ ಕೊಳಲಿಗೆ ಸಾಟಿಯಿರಲಿಲ್ಲ. ಅವನ ಹೆಂಡತಿ ಕುಣಿಯುವವಳು. ಊರಿನವರು ಕುಣಿಯಲು ಸೇರುತ್ತಿದ್ದ ಕಮ್ಮಾರನ ಮನೆಯ ನಡುಮನೆಯಲ್ಲಿ ಒಂದು ಚಪ್ಪಡಿ ಕಲ್ಲಿತ್ತು. ಅದರ ಕೆಳಗೆ ಹಿಂದಿನವರು ಸತ್ತ ಕುದುರೆಯ ತಲೆಬುರುಡೆ ಹೂಳಿದ್ದರು. ಕಾಲು ಬಿದ್ದರೆ ಕಲ್ಲು ಮರುನುಡಿಯಲಿ ಎಂದು ಆ ದೇಶದವರು ಹಾಗೆ ಮಾಡುತ್ತಾರೆ. ಅವನು ನುಡಿಸುತ್ತಿದ್ದ. ಅವಳು ಆ ಕಲ್ಲಿನ ಮೇಲೆ ಕುಣಿಯುತ್ತಿದ್ದಳು. ನುಡಿಸುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಅಲ್ಲಿ ಯಾರೂ ಮಟ್ಟನ್ನು ಕಾಗದದಿಂದ ಕಲಿಯುತ್ತಿರಲಿಲ್ಲ. ಬಾಯಿಂದ ಕಿವಿಗೆ, ಕಿವಿಯಿಂದ ಬೆರಳಿಗೆ. ಪ್ರತಿ ಮಟ್ಟಿಗೂ ಎರಡು ಭಾಗ. ಮೊದಲನೆಯದು ಮನೆ ಬಿಟ್ಟು ಹೋಗುತ್ತದೆ. ಎರಡನೆಯದು ಅದನ್ನು ಕರೆದು ತರುತ್ತದೆ. ಹಿರಿಯನ ಶಿಷ್ಯರು ಮಟ್ಟು ಕಲಿತರು. ಅವನ ಬೆರಳಿನ ಮಿಡಿತ ಕಲಿತರು. ಅವನ ಹಾಗೆ ಕಣ್ಣು ಮುಚ್ಚುವುದನ್ನೂ ಕಲಿತರು.

ಹಿರಿಯ ಮುದುಕನಾದ. ಊರಿನ ನಡೆ ಬದಲಾಯಿತು. ಪ್ರಾಯದವರಿಗೆ ಇನ್ನೂ ವೇಗ ಬೇಕಾಯಿತು. ನುಡಿಸುವವರು ಕೊಟ್ಟರು. ಮೊದಲು ಮುದುಕರು ಗೋಡೆಗೆ ಸರಿದರು. ಆಮೇಲೆ ಬಸುರಿಯರು ಸರಿದರು. ದಿನವಿಡೀ ಹೊಲದಲ್ಲಿ ಬಗ್ಗಿ ಬಂದವರು ಸರಿದರು. ಕೊನೆಗೆ ವೇಗ ಕೇಳಿದವರೂ ಏದುಸಿರು ಬಿಡುತ್ತ ಗೋಡೆಗೆ ಒರಗಿದರು. ಗೋಡೆಯ ತುಂಬ ಜನ. ನೆಲ ಖಾಲಿ. ಖಾಲಿ ನೆಲವೇಕೆ ದಂಡ ಎಂದು ನುಡಿಸುವವರು ತಮ್ಮ ಕುರ್ಚಿಗಳನ್ನು ಅಲ್ಲಿಗೇ ಎಳೆದುಕೊಂಡರು. ಚಪ್ಪಡಿ ಕಲ್ಲನ್ನು ನಡುವೆ ಬಿಟ್ಟು ಸುತ್ತ ಕೂತು, ಕಣ್ಣು ಮುಚ್ಚಿ, ಒಬ್ಬರಿಗಾಗಿ ಒಬ್ಬರು ನುಡಿಸಿಕೊಂಡರು. ಗೋಡೆಗೆ ಒರಗಿದವರು ಕನಸಿನಲ್ಲಿದ್ದವರಂತೆ ಕೇಳುತ್ತಿದ್ದರು. ಚೆನ್ನಾಗಿತ್ತು. ಚೆನ್ನಾಗಿದ್ದದ್ದರಿಂದಲೇ ಯಾರಿಗೂ ಏನೂ ತಪ್ಪಿದ ಹಾಗೆ ಅನಿಸಲಿಲ್ಲ.

ಒಂದು ಚಳಿಗಾಲ ಹಿರಿಯ ಸತ್ತ.

ಆ ಊರಿನ ಪದ್ಧತಿಯಂತೆ ಸತ್ತವನ ವಾದ್ಯ ಅವನ ಮನೆಯದಲ್ಲ, ಮೇಳದ್ದು. ಮುಂದಿನ ಬೇಸಿಗೆಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಆಮೇಲೆ, ಸತ್ತವನ ಮೆಚ್ಚಿನ ಮಟ್ಟನ್ನು ಸತ್ತವನ ವೇಗದಲ್ಲಿ ನುಡಿಸಿ ತೋರಿಸಿದವನಿಗೆ ಅದು ಸಲ್ಲುತ್ತದೆ. ತೀರ್ಪು ಮೇಳದ ಮುಖ್ಯಸ್ಥ ಕಮ್ಮಾರನದು.

ಕೇಳಿ ಬಂದವರು ಇಬ್ಬರು. ಒಬ್ಬ ದರ್ಜಿ. ಇನ್ನೊಬ್ಬ ದೋಣಿಯವ.

ದೋಣಿಯವನಿಗೆ ಸ್ವಂತ ಚೀಲದ ಕೊಳಲು ಇರಲಿಲ್ಲ. ಆಚೆ ದಡದವರಿಗಾಗಿ ಕಾಯುವಾಗ ತಗಡಿನ ಕೊಳಲಿನಲ್ಲಿ ಮಟ್ಟು ರೂಢಿಸಿಕೊಳ್ಳುತ್ತಿದ್ದ. ಹಿರಿಯ ತನ್ನ ವಾದ್ಯವನ್ನು ಆಗೀಗ ಅವನ ತೊಡೆಯ ಮೇಲೆ ಇಡುತ್ತಿದ್ದ. ಅಷ್ಟೇ ಅವನ ಪಾಠ. ಉಳಿದ ಪಾಠವೆಲ್ಲ ನಿದ್ದೆಯಲ್ಲಿ. ದಿಂಬನ್ನು ಕಂಕುಳಲ್ಲಿ ಅದುಮಿ ಮಲಗುತ್ತಿದ್ದ. ಕನಸಿನಲ್ಲಿ ಬೆರಳು ಓಡುತ್ತಿತ್ತು. "ಆ ವಾದ್ಯ ಇವರಿಗೇ ಸಿಗಲಪ್ಪ," ಎಂದು ಅವನ ಹೆಂಡತಿ ಬಾವಿಕಟ್ಟೆಯಲ್ಲಿ ಹೇಳುತ್ತಿದ್ದಳು. "ಇಲ್ಲದಿದ್ದರೆ ನನ್ನ ಪಕ್ಕೆಲುಬು ಉಳಿಯುವುದಿಲ್ಲ." ಹೆಂಗಸರು ನಗುತ್ತಿದ್ದರು. ದೋಣಿಯವನಿಗೆ ಅದು ನಗುವ ಮಾತಾಗಿರಲಿಲ್ಲ. ಆ ವಾದ್ಯದ ಹೊರತು ಅವನು ಬದುಕಿನಲ್ಲಿ ಬೇರೇನನ್ನೂ ಬೇಡಿರಲಿಲ್ಲ.

ಗೊತ್ತುಮಾಡಿದ ದಿನ ಇಳಿಹೊತ್ತಿಗೆ ಊರಿನವರು ಕಮ್ಮಾರನ ಮನೆಗೆ ಬಂದರು. ಹಿರಿಯನ ಹೆಂಡತಿಯೂ ಬಂದಳು. ಈಗ ಅವಳು ಕೋಲೂರಿ ನಡೆಯುವ ಮುದುಕಿ. ಗೋಡೆಯ ಬದಿಯಲ್ಲಿ ಅವಳಿಗೊಂದು ಮಣೆ ಕೊಟ್ಟರು.

ದರ್ಜಿ ಮೊದಲು ನುಡಿಸಿದ. ಮಟ್ಟು ಅವನ ಬೆರಳಿನಿಂದ ನೂಲುಂಡೆ ಉರುಳಿದಂತೆ ಹೊರಟಿತು. ಎಲ್ಲಿಯೂ ಸಿಕ್ಕಿಲ್ಲ, ಗಂಟಿಲ್ಲ. ಮುಗಿದಾಗ ಕಮ್ಮಾರ ತಲೆದೂಗಿ, "ಹಿರಿಯರ ವೇಗ. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ," ಎಂದ.

"ಅದು ಅವರ ವೇಗವಲ್ಲ," ಎಂದಳು ಮುದುಕಿ.

ಎಲ್ಲರೂ ಅವಳ ಕಡೆ ತಿರುಗಿದರು.

"ನೀವೆಲ್ಲ ಕಲಿಯಲು ಬಂದಾಗ ನನಗೆ ಪ್ರಾಯ. ಅವರು ನನ್ನ ಕಾಲಿಗೆ ನುಡಿಸುತ್ತಿದ್ದರು. ನೀವು ಇಷ್ಟು ವರ್ಷ ಜೋಪಾನ ಮಾಡಿದ್ದು ಆಗಿನ ನನ್ನ ಕಾಲಿನ ವೇಗ. ಅವರು ಕಣ್ಣು ಮುಚ್ಚುತ್ತಿದ್ದದ್ದು ಏಕೆ ಅಂದುಕೊಂಡಿರಿ? ಕಲ್ಲು ಏನು ಹೇಳುತ್ತದೆ ಎಂದು ಕೇಳಲಿಕ್ಕೆ. ಆಮೇಲೆ ನನ್ನ ಮಂಡಿ ಹಿಡಿಯಿತು. ಅವರು ಮನೆಯಲ್ಲೇ ನನಗಾಗಿ ಮಟ್ಟಿನ ವೇಗ ಇಳಿಸಿದರು. ಆಗ ಕೇಳಲು ನೀವು ಯಾರೂ ನಮ್ಮ ಮನೆಗೆ ಬರಲಿಲ್ಲ."

ದರ್ಜಿ ನಕ್ಕ. "ಅಜ್ಜಿ, ಈಗಿನ ನಿನ್ನ ಕಾಲಿಗೆ ನುಡಿಸಿದರೆ ಮಟ್ಟು ಮುಗಿಯುವುದರೊಳಗೆ ಕುರಿಮರಿ ಬೆಳೆದು ಕುರಿಯಾಗುತ್ತದೆ."

"ಆಗಲಿ ಬಿಡಪ್ಪ. ಉಣ್ಣೆ ಕತ್ತರಿಸಿ ನಿನಗೇ ಕೊಡುತ್ತೇನೆ. ಕೂತು ಹೊಲಿ."

ಗೋಡೆಯ ಉದ್ದಕ್ಕೂ ನಗು ಹರಿಯಿತು. ಮುದುಕಿ ನಗಲಿಲ್ಲ. "ಈ ವಾದ್ಯ ಇವತ್ತು ಇನ್ನೊಬ್ಬರ ಮನೆ ಸೇರುತ್ತದೆ," ಎಂದಳು. "ಸೇರುವ ಮುಂಚೆ ಒಂದೇ ಒಂದು ಸಲ ಅದರ ಮಟ್ಟಿಗೆ ಕುಣಿಯಬೇಕು. ಇನ್ನೊಂದು ಬೇಸಿಗೆಗೆ ಈ ಕಾಲು ಬರುವುದಿಲ್ಲ."

"ಕುಣಿ ತಾಯಿ, ಬೇಡ ಎಂದವರು ಯಾರು?" ಎಂದ ಕಮ್ಮಾರ. ಆಮೇಲೆ ದೋಣಿಯವನ ಕಡೆ ಬಗ್ಗಿ, "ನೀನು ಮಾತ್ರ ಕಣ್ಣು ಮುಚ್ಚಿಕೊಳ್ಳಯ್ಯ. ಕುಣಿಯುವವರ ಕಾಲು ನೋಡಿದರೆ ವೇಗ ಕೆಡುತ್ತದೆ. ವೇಗ ಕೆಟ್ಟರೆ ವಾದ್ಯ ದರ್ಜಿಗೆ. ನಿನಗೇ ಗೊತ್ತಲ್ಲ," ಎಂದ.

ದೋಣಿಯವ ವಾದ್ಯವನ್ನು ತೊಡೆಯ ಮೇಲೆ ಎಳೆದುಕೊಂಡ. ತಿದಿಯನ್ನು ಮೊಣಕೈಗೆ ಬಿಗಿದ. ಚೀಲ ಕಂಕುಳಲ್ಲಿ ಉಬ್ಬಿತು. ಶ್ರುತಿ ಎದ್ದಿತು. ಅವನು ಕಣ್ಣು ಮುಚ್ಚಿದ.

ಮಟ್ಟು ಹೊರಟಿತು. ನಿದ್ದೆಯಲ್ಲಿ ಎಷ್ಟೋ ಸಲ ಹೊರಟಂತೆಯೇ ಹೊರಟಿತು. ಬೆರಳನ್ನು ತಾನು ಎತ್ತುತ್ತಿದ್ದೇನೆ ಎಂದು ಅವನಿಗೆ ಅನಿಸಲಿಲ್ಲ. ನೀರು ತಾನಾಗಿ ದೋಣಿಯನ್ನು ಒಯ್ಯುವಂತೆ ಮಟ್ಟು ಅವನನ್ನು ಒಯ್ದಿತು. ಮೊದಲ ಭಾಗ ಮನೆ ಬಿಟ್ಟಿತು. ಕಿಟಕಿಯ ಬೆಳಕು ಅವನ ರೆಪ್ಪೆಯ ಮೇಲೆ ಕೆಂಪಾಗಿ ಕೂತಿತ್ತು. ಗೋಡೆಗಳು ಇಲ್ಲವಾದವು. ಕಮ್ಮಾರ ಇಲ್ಲವಾದ. ಈ ವಾದ್ಯ ಇನ್ನು ತನ್ನದು ಎಂದು ಅವನಿಗೆ ತಿಳಿಯಿತು. ಯಾರೂ ಹೇಳಬೇಕಾಗಿರಲಿಲ್ಲ. ಸುತ್ತ ಕೂತ ಮೇಳದವರ ಉಸಿರಿನಲ್ಲೇ ಅದು ಇತ್ತು.

ಆಗ ಇನ್ನೊಂದು ಸದ್ದು ಕೇಳಿಸಿತು.

ಅದು ಮಟ್ಟಿನ ಒಳಗಿರಲಿಲ್ಲ. ಮಟ್ಟಿನ ಹಿಂದೆ, ತುಸು ದೂರದಲ್ಲಿತ್ತು. ಒಮ್ಮೆ ಬಂತು. ನಿಂತಿತು. ಮತ್ತೆ ಬಂತು, ಇನ್ನೂ ಹಿಂದಿನಿಂದ. ದಡ ಬಿಟ್ಟ ದೋಣಿಯನ್ನು ಕೂಗುವವರ ದನಿ ಹಾಗಿರುತ್ತದೆ. ದರ್ಜಿಗೆ ಅದು ಕೇಳಿಸಿದ್ದರೂ ಅರ್ಥವಾಗುತ್ತಿರಲಿಲ್ಲ. ದೋಣಿಯವನಿಗೆ ಅರ್ಥವಾಯಿತು. ಆ ಕೂಗು ಬಿದ್ದಾಗ ಅವನು ಈವರೆಗೆ ಒಮ್ಮೆಯೂ ಮುಂದೆ ಹೋದವನಲ್ಲ.

ಅವನು ಕಣ್ಣು ತೆರೆದ.

ಕಲ್ಲಿನ ಮೇಲೆ ಮುದುಕಿ ನಿಂತಿದ್ದಳು. ಕೋಲನ್ನು ಗೋಡೆಗೆ ಬಿಟ್ಟು ಬಂದಿದ್ದಳು. ಒಂದು ಕಾಲು ಎತ್ತಿದ್ದಳು. ಅದನ್ನು ಇಡಬೇಕಾಗಿದ್ದ ಸ್ವರ ಆಗಲೇ ದಾಟಿ ಹೋಗಿತ್ತು. ಯಾವ ಸ್ವರಕ್ಕೆ ಇಡಲಿ ಎಂದು ಅವಳು ಕಾಯುತ್ತಿದ್ದಳು. ಮುಖದಲ್ಲಿ ದೂರು ಇರಲಿಲ್ಲ. ಸುತ್ತ ಕೂತವರ ಕಣ್ಣು ಮುಚ್ಚಿತ್ತು.

ದೋಣಿಯವ ಮಟ್ಟನ್ನು ಇಳಿಸಿದ.

ಕಮ್ಮಾರ ಕಣ್ಣು ತೆರೆಯದೆಯೇ ತೊಡೆಯ ಮೇಲೆ ಅಂಗೈ ಬಡಿದ. ಹಳೆಯ ವೇಗವನ್ನು ಬಡಿದು ತೋರಿಸಿದ. ದೋಣಿಯವ ಇನ್ನೂ ಇಳಿಸಿದ.

"ತಾಯಿ, ಇಷ್ಟು ಸಾಕೇ?" ಎಂದು ನುಡಿಸುತ್ತಲೇ ಕೇಳಿದ.

"ಇನ್ನೊಂದಿಷ್ಟು ಇಳಿಸಪ್ಪ."

"ಇಷ್ಟು?"

"ಹಾಂ. ಇಲ್ಲಿದ್ದೇನೆ."

ಅವಳ ಕಾಲು ಕಲ್ಲಿಗೆ ಬಿತ್ತು. ಕೆಳಗಿನಿಂದ ಕಲ್ಲು ಈಗ ತುಂಬುದನಿಯಲ್ಲಿ ಓ ಎಂದಿತು. ಬಹಳ ವರ್ಷಗಳಿಂದ ಆ ಮನೆಯಲ್ಲಿ ಯಾರೂ ಆ ದನಿ ಕೇಳಿರಲಿಲ್ಲ. ಮೇಳದವರು ಒಬ್ಬೊಬ್ಬರಾಗಿ ಕಣ್ಣು ಬಿಟ್ಟರು.

"ಸತ್ತಿತು ಮಟ್ಟು," ಎಂದ ಕಮ್ಮಾರ. "ದೋಣಿಯವನೇ, ಈಗಲೂ ಸಮಯವಿದೆ. ವೇಗ ಎತ್ತು. ಇಷ್ಟು ದಿನ ಬೇಡಿಕೊಂಡದ್ದು ಇದಕ್ಕೇನಾ?"

"ಎತ್ತಬೇಡ, ಎತ್ತಬೇಡ," ಎಂದ ದರ್ಜಿ. ಅವನು ಆಗಲೇ ತನ್ನ ಮೊಣಕೈಯ ಅಂಗಿತೋಳನ್ನು ಮಡಚಿಕೊಳ್ಳುತ್ತಿದ್ದ.

ವೇಗವೆಲ್ಲ ಇನ್ನೂ ದೋಣಿಯವನ ಬೆರಳಿನಲ್ಲೇ ಇತ್ತು. ಅದನ್ನು ಅವನು ಹೊರಗೆ ಬಿಡಲಿಲ್ಲ. ಕಮ್ಮಾರನ ಅಂಗೈ ಒಂದು ವೇಗದಲ್ಲಿ ಬಡಿಯುತ್ತಿತ್ತು. ಮಟ್ಟು ಇನ್ನೊಂದರಲ್ಲಿ ನಡೆಯುತ್ತಿತ್ತು. ಮುದುಕಿ ಮೊದಲ ಭಾಗವನ್ನು ಕುಣಿದಳು. ಎರಡನೆಯದನ್ನು ಕುಣಿದಳು. ಕೊನೆಯ ಹೆಜ್ಜೆಗೆ ಕಾಲೆತ್ತಿದಳು. ಎತ್ತಿದ ಕಾಲು ಗಾಳಿಯಲ್ಲಿ ನಿಂತುಬಿಟ್ಟಿತು. ಮಂಡಿ ಹಿಡಿದಿತ್ತು.

ದೋಣಿಯವ ಕೊನೆಯ ಸ್ವರಕ್ಕೆ ಬಂದಿದ್ದ. ಆ ಸ್ವರ ಕ್ಷಣದಲ್ಲಿ ಮುಗಿಯಬೇಕಾದದ್ದು. ಅವನು ಮುಗಿಸಲಿಲ್ಲ. ಚೀಲವನ್ನು ಮೆಲ್ಲಗೆ ಅದುಮಿ ಹಿಡಿದ. ಅವಳ ಕಾಲು ನೆಲಕ್ಕೆ ಬರುವವರೆಗೆ ಆ ಒಂದು ಸ್ವರವನ್ನು ಹಿಡಿದು ಕಾದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಗುರುಗಳು ಮುಂದುವರಿಸುವಂತೆ ಕಾಣಲಿಲ್ಲ. "ಆಮೇಲೆ, ಗುರುಗಳೇ? ವಾದ್ಯ ಯಾರಿಗೆ ಸಿಕ್ಕಿತು?" ಎಂದ ಶಿಷ್ಯ.

"ಆ ಮುದುಕಿ ಮನೆಗೆ ಹೇಗೆ ಹೋದಳು ಎಂದು ನೀನು ಕೇಳಲಿಲ್ಲ," ಎಂದರು ಗುರುಗಳು.