ಚಕ್ರ ಮುಟ್ಟಿ ನೋಡಿದವನು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕೇಳದವನಿಗೆ ಹೇಳಬೇಕೆ?"

"ಏನಾಯಿತು?" ಎಂದರು ಗುರುಗಳು.

"ಮಠದ ಅಡುಗೆಮನೆ ನನ್ನ ಕೈಯಲ್ಲಿದೆ. ಅಲ್ಲಿಗೆ ಹೊಸಬರು ಬಂದಿದ್ದಾರೆ. ನಾವು ಬೈಸಿಕೊಂಡು ಕಲಿತೆವು. ಇವರು ಒಂದು ಮಾತು ಅಂದರೆ ಮುಖ ತಿರುಗಿಸುತ್ತಾರೆ. ಬೇಕಾದವನು ಬಂದು ಕೇಳಲಿ ಎಂದು ನಾನು ಸುಮ್ಮನಿದ್ದೇನೆ. ಇದು ಸರಿಯೇ?"

ಗುರುಗಳು ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಲಾರಿ ಚಾಲಕನಿದ್ದ. ವಯಸ್ಸಾಗಿತ್ತು. ಮೀಸೆ ಮೂಡುವ ಮೊದಲೇ ಕ್ಲೀನರ್ ಆಗಿ ಲಾರಿ ಹತ್ತಿದವನು. ಲಾರಿ ಓಡಿಸುವ ಉಸ್ತಾದನ ಬಟ್ಟೆ ಒಗೆದಿದ್ದ, ಅನ್ನ ಬೇಯಿಸಿದ್ದ, ಸ್ಪ್ಯಾನರಿನಿಂದ ಏಟು ತಿಂದಿದ್ದ. ಎಷ್ಟೋ ವರ್ಷಗಳಾದ ಮೇಲೆ ಉಸ್ತಾದ ಒಂದು ದಿನ ಸೀಟು ಬಿಟ್ಟು ಈ ಕಡೆ ಬಂದು ಕೂತ. ಅಂದು ಇವನು ಚಾಲಕನಾದ.

ಅವನು ಓಡಾಡುವ ದಾರಿಯಲ್ಲಿ ಒಂದು ಘಟ್ಟವಿತ್ತು. ಹತ್ತಿ ಮುಗಿಯುವಲ್ಲಿ ಒಂದು ಬಯಲು. ಬಯಲಿನಲ್ಲಿ ಚಹಾದಂಗಡಿ. ಅಲ್ಲಿಂದ ಮುಂದೆ ಬರೀ ಇಳಿಜಾರು. ಹಳೆಯ ಚಾಲಕರೆಲ್ಲ ಅಲ್ಲಿ ಲಾರಿ ನಿಲ್ಲಿಸುತ್ತಿದ್ದರು. ಇಳಿದು ಸುತ್ತ ನಡೆದು, ಒಂದೊಂದು ಚಕ್ರದ ನಡುಭಾಗವನ್ನೂ ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು. ಬೆಚ್ಚಗಿದ್ದರೆ ಸರಿ. ಸುಟ್ಟರೆ, ಬ್ರೇಕು ಬಿಡದೆ ಹಿಡಿದುಕೊಂಡಿದೆ ಎಂದು ಅರ್ಥ. ಹಾಗೆಯೇ ಇಳಿದರೆ ನಡುದಾರಿಯಲ್ಲಿ ಆ ಬ್ರೇಕು ಕೈಕೊಡುತ್ತದೆ. ಆರುವವರೆಗೆ ಕಾಯಬೇಕು, ಬ್ರೇಕು ಸಡಿಲ ಮಾಡಬೇಕು. ಇದನ್ನು ಯಾರೂ ಯಾರಿಗೂ ಪಾಠ ಹೇಳುತ್ತಿರಲಿಲ್ಲ. ಉಸ್ತಾದ ಮುಟ್ಟುವುದನ್ನು ನೋಡಿ ಕ್ಲೀನರ್ ಮುಟ್ಟುತ್ತಿದ್ದ.

ಕಾಲ ಬದಲಾಯಿತು. ಕ್ಲೀನರ್‌ಗಳು ಇಲ್ಲವಾದರು. ಹೊಸ ಚಾಲಕರು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು, ಲೈಸೆನ್ಸ್ ಹಿಡಿದು, ನೇರವಾಗಿ ಸೀಟಿಗೆ ಬಂದರು. ಲಾರಿಯಲ್ಲಿ ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರೇ ಹೋದರು. ಲಾರಿ ಎಲ್ಲಿದೆ ಎಂದು ಮಾಲೀಕ ಕೂತಲ್ಲೇ ಫೋನಿನಲ್ಲಿ ನೋಡುತ್ತಿದ್ದ. ನಿಂತರೆ ಯಾಕೆ ನಿಂತೆ ಎನ್ನುತ್ತಿದ್ದ. ಹಾಗಾಗಿ ಅವರು ಬಯಲಿನಲ್ಲಿ ನಿಲ್ಲುತ್ತಿರಲಿಲ್ಲ. ನಿಂತರೂ ಇಳಿಯುತ್ತಿರಲಿಲ್ಲ.

ಹಳಬರು ಬೆಂಚಿನ ಮೇಲೆ ಕೂತು, "ಗ್ರೀಸು ಕಾಣದ ಕೈಗಳು ಹೋದವು ನೋಡು" ಎಂದು ನಗುತ್ತಿದ್ದರು. ಹೊಸಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಡಾಕ್ಟ್ರೇ, ಚಕ್ರಕ್ಕೆ ಜ್ವರ ಎಷ್ಟಿದೆ?" ಎಂದು ಕೂಗಿ ಹೋಗುತ್ತಿದ್ದರು.

ಹೊಸಬರಲ್ಲಿ ಒಬ್ಬ ಒಮ್ಮೆ ಇಳಿದು ಬಂದ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಲಾರಿಗೂ ಅವನಿಗೂ ಇನ್ನೂ ಸಲಿಗೆ ಬೆಳೆದಿರಲಿಲ್ಲ. ಹಿರಿಯ ಚಾಲಕನ ಮುಂದೆ ನಿಂತು ಕೇಳಿದ:

"ಅಣ್ಣಾ, ತುಂಬಿದ ಗಾಡಿ ಇಳಿಸುವಾಗ ಯಾವ ಗೇರಿನಲ್ಲಿ ಬಿಡಬೇಕು?"

ಹಿರಿಯ ಬೆಂಚಿನವರ ಕಡೆ ನೋಡಿದ. "ಲೈಸೆನ್ಸ್ ಕೊಟ್ಟ ಸಾಹೇಬರು ಹೇಳಲಿಲ್ಲವೇನೋ ತಮ್ಮಾ? ನಮ್ಮದು ಏಟು ತಿಂದ ವಿದ್ಯೆ. ಬಾ, ನಾಲ್ಕು ಬಿಡ್ತೀನಿ, ನೀನೂ ಕಲಿ."

ಬೆಂಚು ನಕ್ಕಿತು. ಚಹಾದವನೂ ನಕ್ಕ. ಹೊಸಬನೂ ನಕ್ಕ. ಆಮೇಲೆ ಬಹಳ ದಿನ ಅವನು ಆ ಬಯಲಿನಲ್ಲಿ ಲಾರಿ ನಿಲ್ಲಿಸಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಅವನು ಸಿಮೆಂಟು ತುಂಬಿಕೊಂಡು ಘಟ್ಟ ಹತ್ತಿದ. ಲಾರಿ ಎಂದಿನಂತೆ ಎಳೆಯಲಿಲ್ಲ. ಮೇಲಿಂದ ಮೇಲೆ ಎಡಕ್ಕೆ ಜಗ್ಗುತ್ತಿತ್ತು. ಏನೋ ಸರಿಯಿಲ್ಲ ಎಂದು ಅವನಿಗೆ ತಿಳಿಯಿತು. ಏನು ಎಂದು ತಿಳಿಯಲಿಲ್ಲ. ಬಯಲಿನಲ್ಲಿ ನಿಲ್ಲಿಸಿ ಸೀಟಿನಲ್ಲೇ ಕೂತ.

ಪಕ್ಕದಲ್ಲಿ ಹಿರಿಯನ ಲಾರಿ ನಿಂತಿತ್ತು. ಅವನು ತನ್ನ ಚಕ್ರಗಳನ್ನು ಮುಟ್ಟುತ್ತ ಬರುತ್ತಿದ್ದ. ಅಭ್ಯಾಸಬಲ. ಕೈ ಹಾಗೇ ಪಕ್ಕದ ಲಾರಿಯ ಹಿಂದಿನ ಎಡ ಚಕ್ರಕ್ಕೂ ಹೋಯಿತು. ಸುಟ್ಟಿತು. ಕೈ ಹಿಂದಕ್ಕೆ ಎಳೆದುಕೊಂಡ.

ಹೇಳಬೇಕು ಎಂದುಕೊಂಡ. ಸೀಟಿನಲ್ಲಿ ಕೂತವನ ಕಡೆ ನೋಡಿದ. ಗಾಡಿ ಓಡಿಸುವವನು ಅವನು, ಇಳಿದು ನೋಡಬೇಕಾದವನು ಅವನು. ಒಂದು ಮಾತು ಕೇಳಲಿ, ಎಲ್ಲ ಹೇಳುತ್ತೇನೆ ಎಂದುಕೊಂಡ. ಹೋಗಿ ಬೆಂಚಿನ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ಹೊಸಬ ಇಳಿದ. ಅಂಗಡಿಯ ಕಡೆಗೇ ಬಂದ. ಹಿರಿಯ ಚಹಾದ ಲೋಟ ಕೆಳಗಿಟ್ಟ. ಹೊಸಬ ಬಂದು ನಿಂತ. ಬೆಂಚಿನಲ್ಲಿದ್ದವರೆಲ್ಲ ಅವನನ್ನು ನೋಡಿದರು.

"ಅಣ್ಣಾ..." ಎಂದ.

"ಏನೋ?" ಎಂದ ಹಿರಿಯ. ದನಿ ಒರಟಾಗಿ ಬಂತು. ಅವನಲ್ಲಿದ್ದುದೇ ಆ ಒಂದು ದನಿ. ಅವನ ಉಸ್ತಾದನಲ್ಲಿದ್ದುದೂ ಅದೇ.

ಹೊಸಬ ಬೆಂಚಿನವರ ಮುಖ ನೋಡಿದ. "ಏನಿಲ್ಲ. ಬೆಂಕಿಪೊಟ್ಟಣ ಇದೆಯಾ?"

ಹಿರಿಯ ಜೇಬಿನಿಂದ ತೆಗೆದು ಕೊಟ್ಟ. ಹೊಸಬ ಅದನ್ನು ಹಿಡಿದು ನಿಂತ. ಅವನ ಕೈಯಲ್ಲಿ ಬೀಡಿ ಇರಲಿಲ್ಲ, ಸಿಗರೇಟೂ ಇರಲಿಲ್ಲ. ಹಿರಿಯ ಅದನ್ನು ನೋಡಿದ. ಅಷ್ಟರಲ್ಲಿ ಮಾಲೀಕನ ಫೋನು ಬಂತು. "ಹೊರಟೆ ಸಾರ್, ಹೊರಟೆ" ಎನ್ನುತ್ತ ಹೊಸಬ ಪೊಟ್ಟಣ ಬೆಂಚಿನ ಮೇಲಿಟ್ಟು ಓಡಿದ. ಲಾರಿ ಹೊರಟಿತು. ಹಿರಿಯ ಎದ್ದು ನಿಂತ. "ಏಯ್" ಎಂದ. ಅದು ಪಕ್ಕದವರಿಗಷ್ಟೇ ಕೇಳಿಸಿತು.

ಇಳಿಜಾರಿನ ನಡುವೆ ಬ್ರೇಕು ಹೋಯಿತು. ಎದುರಿನಿಂದ ಒಂದು ಬಸ್ಸು ಬರುತ್ತಿತ್ತು. ಹೊಸಬ ಲಾರಿಯನ್ನು ಬಂಡೆಗೆ ತಿರುಗಿಸಿದ. ಬಸ್ಸಿನವರು ಉಳಿದರು. ಇವನು ಸಂಜೆಯವರೆಗೆ ಉಸಿರಾಡಿದ. ಹೆಂಡತಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

ಮರುದಿನ ಬೆಂಚಿನ ಮೇಲೆ ಒಬ್ಬ, "ಒಂದು ಮಾತು ಕೇಳಬಹುದಿತ್ತು ಅವನು" ಎಂದ. ಎಲ್ಲರೂ ತಲೆಯಾಡಿಸಿದರು. ಹಿರಿಯ ಆಡಿಸಲಿಲ್ಲ. ಲಾರಿಯ ಕೀಲಿಯನ್ನು ಮಾಲೀಕನಿಗೆ ಒಪ್ಪಿಸಿದ.

ಈಗ ಅವನು ಆ ಬಯಲಿನಲ್ಲೇ ಇದ್ದಾನೆ. ಯಾವ ಲಾರಿ ನಿಂತರೂ ಎದ್ದು ಹೋಗಿ ಚಕ್ರ ಮುಟ್ಟುತ್ತಾನೆ. ಯಾರೂ ಕೇಳದಿದ್ದರೂ ಹೇಳುತ್ತಾನೆ. "ಗಾಡಿ ಬಿಟ್ಟು ಆಚೆ ಹೋಗೋ ಮುದುಕಾ" ಎಂದು ಚಾಲಕರು ಹಾರ್ನು ಹೊಡೆಯುತ್ತಾರೆ. ಅವನು ಸರಿದು ನಿಲ್ಲುತ್ತಾನೆ. ಅವರು ಘಟ್ಟ ಇಳಿದು ಹೋಗುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನೆಂದ: "ಆದರೂ ಗುರುಗಳೇ, ಆ ಹೊಸಬ ಬಾಯಿಬಿಟ್ಟು ಕೇಳಿದ್ದರೆ ಇವನು ಹೇಳುತ್ತಿದ್ದ. ನನ್ನ ಬಳಿ ಬಂದು ಕೇಳಿದರೆ ನಾನೂ ಇಲ್ಲವೆನ್ನುವವನಲ್ಲ."

ಗುರುಗಳೆಂದರು: "ಬೆಳಿಗ್ಗೆ ನಿನ್ನ ಅಡುಗೆಮನೆಯ ಹೊಸಬ ನನ್ನ ಬಳಿ ಬಂದು, ಅನ್ನಕ್ಕೆ ಎಸರು ಎಷ್ಟು ಇಡಬೇಕು ಎಂದು ಕೇಳಿದ."