ಸಣ್ಣ ರೇಟಿಂಗಿನ ಭರಮ, ದೊಡ್ಡ ಸಿಟ್ಟಿನ ರಾಜ

"ಕೇಳ್ರಪ್ಪೋ ಕೇಳ್ರಿ! ಮಹಾರಾಜರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡ್ತಾರೆ. ತಪ್ಪಿದರೆ ತಲೆ ತೆಗೀತಾರೆ!"

ಡಂಗುರ ಹೊಡೆಸಿದವನು ಗುಡುಗಪ್ಪರಾಜ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಬೆಳಗಾದರೆ ಕಂಪ್ಯೂಟರಿನಲ್ಲಿ ಬಾಸ್ಕೆಟ್‌ಬಾಲ್. ಊರಿನ ಆಟಗಾರರನ್ನೇ ಹೆಸರು ಸಮೇತ ಅದರೊಳಗೆ ಆಡಿಸುತ್ತಿದ್ದ. ಸೋತನೋ, ಡಿಫೆನ್ಸ್ ರೇಟಿಂಗ್, ಅಂದರೆ ಎದುರಾಳಿಯನ್ನು ತಡೆಯುವ ಆಟದ ಅಂಕಿ, ಎಲ್ಲರಿಗಿಂತ ಸಣ್ಣದಿದ್ದವನನ್ನು ನಿಜವಾದ ಜೈಲಿಗೇ ನೂಕುತ್ತಿದ್ದ. ಈ ಸಲ ಸಿಕ್ಕಿಬಿದ್ದವನು ಭರಮ. ಅಮಾವಾಸ್ಯೆಗೆ ಅವನ ತಲೆ ಹೋಗಬೇಕು.

ಭರಮನ ತಮ್ಮ ಚಿಗರ ಅದೇ ತಂಡದವನು. ಒಂದು ದಿನವೂ ಆಡದೆ ಬೆಂಚು ಸವೆಸಿದವನು. ಅಣ್ಣನಿಗಾಗಿ ದರ್ಬಾರಿಗೆ ಬಂದ.

"ನನ್ನ ಒಬ್ಬ ಆಟಗಾರ ಎಲ್ಲರಿಗಿಂತ ಹೆಚ್ಚು ಸಲ ಚೆಂಡು ಕಸಿಯುತ್ತಾನೆ. ಆದರೂ ಎದುರಾಳಿಗಳಿಗೆ ಅವನೆಂದರೆ ಹಬ್ಬ. ಯಾಕೆ?" ರಾಜ ಗುರುಗುಟ್ಟಿದ.

"ಲಂಚ ತಿಂದಿರಬೇಕು!" ಅಂದ ಬಹುಮಾನದಾಸೆಗೆ ಬಂದಿದ್ದ ಸೇನಾಪತಿಯ ಮಗ. ಖಚಕ್!

"ಇನ್ನೊಬ್ಬ ಕಸಿಯುವುದೂ ಇಲ್ಲ, ಹಾರಿ ತಡೆಯುವುದೂ ಇಲ್ಲ. ಆದರೂ ಅವನೆದುರು ನಿಲ್ಲಬೇಕೆಂದರೆ ಎದುರಾಳಿ ಅಳುತ್ತಾನೆ. ಯಾಕೆ?"

"ಮೈ ನಾರುತ್ತೇನೋ," ಅಂದ ಮಂತ್ರಿಯ ಅಳಿಯ. ಖಚಕ್!

"ಮೂರನೆಯದು. ರೇಟಿಂಗ್ ದೊಡ್ಡದಿದ್ದವರನ್ನೇ ಆರಿಸಿ ಆಡಿಸುತ್ತೇನೆ. ಸೋಲುತ್ತಲೇ ಇದ್ದೇನೆ. ಯಾಕೆ? ಲೇ ಬೆಂಚು, ಬೊಗಳು!"

ಕಟುಕ ಕತ್ತಿ ಒರೆಸಿಕೊಂಡ. ಚಿಗರ ಮುಂದೆ ಬಂದ.

"ದೊರೆ, ಕಸಿಯೋಕೆ ಹಾರುವವನು ಹತ್ತು ಸಲ ಹಾರಿದರೆ ಎಂಟು ಸಲ ಗುರಿ ತಪ್ಪುತ್ತಾನೆ. ಅಷ್ಟರಲ್ಲಿ ಎದುರಾಳಿ ಬುಟ್ಟಿಗೆ ಚೆಂಡು ಹಾಕಿರುತ್ತಾನೆ. ಎರಡನೆಯವನು ಎದುರಾಳಿಗೆ ಚೆಂಡೇ ಸಿಗದಂತೆ ಮೈಗಂಟಿ ನಿಲ್ಲುತ್ತಾನೆ. ಸಿಗದ ಚೆಂಡನ್ನ ಕಸಿಯೋದೇನು? ಅವನೇ ನಮ್ಮಣ್ಣ."

"ಮೂರನೆಯದು?"

"ಆ ರೇಟಿಂಗು ಮಾರ್ಕ್ಸ್ ಅಲ್ಲ ದೊರೆ. ಅವನು ಆಡುವಾಗ ಎದುರಿನವರಿಗೆ ನೂರು ಸಲ ಚೆಂಡು ಸಿಕ್ಕರೆ ಎಷ್ಟು ಪಾಯಿಂಟು ಹೊಡೀತಾರೆ ಅನ್ನೋ ಲೆಕ್ಕ. ಸಣ್ಣದಿದ್ದಷ್ಟೂ ಒಳ್ಳೇದು. ನೀವು ಉಲ್ಟಾ ಓದಿದ್ದೀರಿ."

ರಾಜ ಹಲ್ಲು ಕಡಿಯುತ್ತಾ ಪರದೆಯಲ್ಲಿ ಭರಮನನ್ನು ಇಳಿಸಿದ. ಆಡಿದ. ಗೆದ್ದ. ಗೆದ್ದದ್ದಕ್ಕೆ ಸಿಟ್ಟು ಇನ್ನೂ ನೆತ್ತಿಗೇರಿತು.

"ಹಾಗಾದರೆ ದೊಡ್ಡ ರೇಟಿಂಗಿನವರ ತಲೆ ತೆಗೀರಿ!"

"ತಡೀರಿ ದೊರೆ. ಆ ಅಂಕಿ ಒಬ್ಬನ ಹೆಸರಲ್ಲಿದ್ದರೂ ಜೊತೆಗಿದ್ದ ನಾಲ್ವರು ಬಿಟ್ಟುಕೊಟ್ಟ ಪಾಯಿಂಟೂ ಅದರಲ್ಲೇ ಇರುತ್ತೆ. ತಪ್ಪು ಹುಡುಕುತ್ತಾ ಹೋದರೆ, ಆ ಐವರನ್ನು ಆರಿಸಿದವರು ಯಾರು ಅನ್ನೋದೂ ಬರುತ್ತೆ."

ಕಟುಕ ಮೆಲ್ಲಗೆ ತಿರುಗಿ, ದರ್ಜಿ ಅಳತೆ ತೆಗೆಯುವ ಹಾಗೆ ರಾಜನ ಕುತ್ತಿಗೆ ನೋಡಿದ.

"ಏನೋ ನೋಡ್ತೀಯಾ? ಕತ್ತಿ ಕೆಳಗಿಡೋ!" ರಾಜ ಕುತ್ತಿಗೆ ಮುಚ್ಚಿಕೊಂಡ. "ಲೇ ಬೆಂಚು, ಏನು ಬೇಕೋ ಕೇಳಿ ತೊಲಗು!"

"ನಮ್ಮಣ್ಣ ಬೇಕು. ಇನ್ನು ಮೇಲೆ ಪರದೆಯಲ್ಲಿ ಸೋತದ್ದಕ್ಕೆ ಯಾರ ತಲೆಯೂ ಹೋಗಬಾರದು."

ರಾಜ ಜೈಲಿನ ಬೀಗದಕೈ ಎಸೆದ. ಅಣ್ಣತಮ್ಮಂದಿರು ಹೆಬ್ಬಾಗಿಲವರೆಗೆ ಮರ್ಯಾದೆಯಿಂದ ನಡೆದರು. ಅಲ್ಲಿಂದಾಚೆ ಓಟ ಕಿತ್ತವರು ಮನೆ ಬರುವವರೆಗೂ ನಿಲ್ಲಲಿಲ್ಲ.