ವರ್ತಕ ಬದನೆ ಪಾತಿಗೆ ನೀರು ಕಟ್ಟಿದ್ದು

“ಗುರುಗಳೇ, ಆನಂದ ಸಿಗಬೇಕಾದರೆ ಏನೇನು ಬಿಡಬೇಕು?” ಎಂದು ಶಿಷ್ಯನೊಬ್ಬ ಕೇಳಿದ. ಅವನು ಆಗಲೇ ಉಪ್ಪು ಬಿಟ್ಟಿದ್ದ, ಬೆಲ್ಲ ಬಿಟ್ಟಿದ್ದ, ಮಲಗುವ ಚಾಪೆಯನ್ನೂ ಬಿಟ್ಟಿದ್ದ. ಮುಖ ಮಾತ್ರ ಹರಳೆಣ್ಣೆ ಕುಡಿದವನ ಹಾಗೆಯೇ ಇತ್ತು. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಕೂತರೆ ಆಳು, ನಿಂತರೆ ಆಳು. ಹಿತ್ತಲು ನೋಡಿಕೊಳ್ಳಲೂ ಒಬ್ಬ ತೋಟಗಾರನಿದ್ದ. ಆದರೂ ಅವನಿಗೆ ಯಾವುದರಲ್ಲೂ ರುಚಿ ಉಳಿದಿರಲಿಲ್ಲ. ತಾನು ಮನಸಾರೆ ನಕ್ಕದ್ದು ಯಾವಾಗ ಎಂಬುದು ಅವನಿಗೇ ಮರೆತುಹೋಗಿತ್ತು. ಈ ಮನೆಯ ಸಹವಾಸವೇ ಬೇಡ, ಸನ್ಯಾಸಿಯಾಗುತ್ತೇನೆ ಎಂದು ಒಂದು ಬೆಳಿಗ್ಗೆ ಹೊರಟೇಬಿಟ್ಟ.

ಹೆಂಡತಿ ಗಟ್ಟಿಗಿತ್ತಿ. ಬಂದ ಅಳುವನ್ನು ನುಂಗಿಕೊಂಡಳು. “ಹೋಗೋರನ್ನ ಕಟ್ಟಿಹಾಕೋಕಾಗುತ್ತಾ? ತೋಟಗಾರ ಜ್ವರ ಬಂದು ಮಲಗಿದಾನೆ. ನೆನ್ನೆ ನೆಟ್ಟ ಬದನೆ ಸಸಿ ಬಾಡ್ತಾ ಇವೆ. ಅವಕ್ಕೆ ನೀರು ಕಟ್ಟಿ ಹೋಗಿ,” ಎಂದಳು.

ವರ್ತಕ ಗೊಣಗುತ್ತ ಪಂಚೆ ಎತ್ತಿ ಕಟ್ಟಿ, ಬಾವಿಯ ಪಕ್ಕದ ತೊಟ್ಟಿಯಿಂದ ಕಾಲುವೆಗೆ ನೀರು ಬಿಟ್ಟ. ಗುದ್ದಲಿ ಹಿಡಿದು ಅಭ್ಯಾಸವಿರಲಿಲ್ಲ. ಮೊದಲ ಪಾತಿಯ ಬಾಯನ್ನು ಅಳತೆ ಮೀರಿ ಅಗಲವಾಗಿ ಕಡಿದ. ಪಾತಿ ಗಳಿಗೆಯಲ್ಲಿ ತುಂಬಿತು. ಬಾಯಿ ಮುಚ್ಚಲೆಂದು ಎಳೆದ ಮಣ್ಣನ್ನೆಲ್ಲ ನೀರು ಕೊಚ್ಚಿಕೊಂಡು ಹೋಯಿತು. ಇನ್ನೇನು ಎಳೆಯ ಸಸಿಗಳು ಬೇರು ಸಮೇತ ಕಿತ್ತುಬರಬೇಕು, ದಿಕ್ಕು ತೋಚದೆ ಅವನು ತನ್ನ ಕಾಲನ್ನೇ ಅಡ್ಡ ಇಟ್ಟ.

ನೀರು ನಿಂತಿತು. ತಣ್ಣಗೆ ಪಾದವನ್ನು ತಳ್ಳಿತು. ಬೆರಳ ಸಂದಿಯಲ್ಲಿ ಕೆಸರು ಪಿಚಕ್ಕೆಂದಿತು.

ಅರೆ! ಈ ತಂಪು ಅವನಿಗೆ ಗೊತ್ತಿತ್ತು! ಚಿಕ್ಕಂದಿನಲ್ಲಿ, ಅಜ್ಜಿಯ ಹಿತ್ತಲಲ್ಲಿ, ಗುದ್ದಲಿ ಎತ್ತಲಾರದ ಅವನು ಹೀಗೆಯೇ ಕಾಲು ಅಡ್ಡ ಇಟ್ಟು ನೀರು ತಿರುವುತ್ತಿದ್ದ. ಅಕ್ಕ ಮುಂದಿನ ಪಾತಿಯಲ್ಲಿ ನಿಂತು “ಬಂತೂ, ಬಂತೂ!” ಎಂದು ಕುಣಿಯುತ್ತಿದ್ದಳು. ನೀರಿಗಿಂತ ಮೊದಲು ಯಾರು ಕೊನೆಯ ಪಾತಿ ಮುಟ್ಟುತ್ತಾರೆಂದು ಇಬ್ಬರಿಗೂ ಪಂದ್ಯ.

ವರ್ತಕನಿಗೆ ಹಿಗ್ಗು ತಡೆಯಲಾಗಲಿಲ್ಲ. ಒಂದು ಪಾತಿಯಿಂದ ಇನ್ನೊಂದಕ್ಕೆ ಓಡಿದ. ಒಣಗಿದ ಎಲೆಗಳನ್ನು ತಳ್ಳಿಕೊಂಡು ನೀರು ಹಿಂದೆಯೇ ಓಡಿ ಬಂತು. “ಬಂತೂ, ಬಂತೂ!” ಎಂದು ಹಿತ್ತಲು ಹಾರಿಹೋಗುವಂತೆ ಕೂಗಿದ. ಹಾವು ಬಂತೇನೋ ಎಂದು ಹೆಂಡತಿ ದೊಣ್ಣೆ ಹಿಡಿದು ಓಡೋಡಿ ಬಂದಳು. ನೋಡಿದರೆ, ಊರೇ ಕೈಮುಗಿಯುವ ಗಂಡ ಮೊಣಕಾಲತನಕ ಕೆಸರು ಮೆತ್ತಿಕೊಂಡು ಗಹಗಹಿಸಿ ನಗುತ್ತಿದ್ದಾನೆ. ಅಂದು ಅವನು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ.

ಜ್ವರ ಬಿಟ್ಟ ಮೇಲೆ ತೋಟಗಾರ ಬಂದ. “ಬಿಡಿ ಯಜಮಾನ್ರೇ, ನಿಮಗ್ಯಾಕೆ ಈ ಕೆಸರು?” ಎಂದು ಗುದ್ದಲಿಗೆ ಕೈ ಹಾಕಿದ.

ವರ್ತಕ ಗುದ್ದಲಿಯನ್ನು ಬಿಗಿಯಾಗಿ ಹಿಡಿದುಕೊಂಡ. “ಇವತ್ತೊಂದಿನ ನಾನೇ ಕಟ್ತೀನಪ್ಪಾ, ನಿನ್ನ ದಮ್ಮಯ್ಯ! ನೀನು ಮುಂದಿನ ಪಾತೀಲಿ ನಿಂತ್ಕೊಂಡು ‘ಬಂತು’ ಅನ್ನು, ಸಾಕು.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ: “ಹಾಗಾದರೆ ಅವನು ಏನನ್ನೂ ಬಿಡಲೇ ಇಲ್ಲವೇ?”

“ಯಜಮಾನಿಕೆ ಬಿಟ್ಟನಲ್ಲ,” ಎಂದರು ಗುರುಗಳು, “ಆಮೇಲೆ ಬೇರೇನನ್ನೂ ಬಿಡುವ ಅಗತ್ಯವೇ ಬೀಳಲಿಲ್ಲ.”